ಇಂಗ್ಲಿಷು ವಾಕ್ಯದ ಅನ್ವಯ

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಸಂಸ್ಕೃತವನ್ನೂ ಕನ್ನಡವನ್ನೂ, ಇಂಗ್ಲಿಷಿನ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಇಂಗ್ಲಿಷನ್ನೂ ಹೇಳಿಕೊಟ್ಟು ಈಗ ನಿವೃತ್ತನಾಗಿರುವ ನಾನು, ಒಂದು ಇಂಗ್ಲಿಷು ವಾಕ್ಯವನ್ನು ಅರ್ಧಕ್ಕೆ ಓದಿ ನಿಲ್ಲಿಸಿ, ನೆರೆಮನೆಯ ರೈತರೊಬ್ಬರಿಗೆ ಬರಬಹುದಾಗಿದ್ದ ಹಣವನ್ನು ತಪ್ಪಿಸಿದೆನು.

ನಡೆದುದು ಹೀಗೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ಮಳೆಗಾಳಿಗೆ ಸಿಕ್ಕಿ ಅವರ ಎರಡು ಎಕರೆ ಬಾಳೆಯ ತೋಟವು ಒಂದೇ ರಾತ್ರಿಯಲ್ಲಿ ನೆಲಕ್ಕೊರಗಿತು. ಗೊನೆ ಬಿಟ್ಟು ಬಲಿಯುತ್ತಿದ್ದ ಗಿಡಗಳೆಲ್ಲ ನಡು ಮುರಿದು ಬಿದ್ದಿದ್ದವು. ಮರುದಿನ ಸಂಜೆ ಅವರು ವಿಮೆಯ ಕಾಗದಗಳನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ಇದ್ರಲ್ಲಿ ಗಾಳಿ ವಿಚಾರ ಏನ್ ಬರ್ದವ್ರೆ, ಒಸಿ ನೋಡಿ” ಎಂದರು. ನಾನು ಕನ್ನಡಕವನ್ನು ಏರಿಸಿಕೊಂಡು ಓದುತ್ತ ಹೋದೆನು. ಎರಡನೆಯ ಪುಟದ ಕಟ್ಟಕಡೆಯ ಸಾಲಿನಲ್ಲಿ ‘ನೋ ಕ್ಲೇಮ್ ಶಲ್ ಬಿ ಎಂಟರ್‌ಟೇನ್ಡ್ ಫಾರ್ ಡ್ಯಾಮೇಜ್ ಬೈ ವಿಂಡ್’ ಎಂದಿದ್ದಿತು. ಗಾಳಿಯಿಂದಾದ ಹಾನಿಗೆ ಯಾವ ಪರಿಹಾರದ ಬೇಡಿಕೆಯನ್ನೂ ಮನ್ನಿಸಲಾಗದು ಎಂಬುದೇ ಅದರ ಅರ್ಥ. “ಗಾಳಿಗೆ ಹೋದದ್ದಕ್ಕೆ ಕೊಡೋದಿಲ್ಲವಂತೆ ಕಣಪ್ಪಾ” ಎಂದು ನಾನು ಹೇಳಿದೆನು. ಅವರು ಮರುಮಾತನಾಡದೆ ಕಾಗದಗಳನ್ನು ಮಡಿಸಿಕೊಂಡು ಹೊರಟುಹೋದರು.

ಆರನೆಯ ದಿನ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು ಅದೇ ಕಾಗದಗಳನ್ನು ತಂದು ನನ್ನ ಮುಂದೆ ಹಿಡಿದು, “ಸಾರ್, ಈ ವಾಕ್ಯ ಎಲ್ಲಿ ಮುಗಿಯುತ್ತೆ?” ಎಂದು ಕೇಳಿದಳು. ಪುಟವನ್ನು ತಿರುವಿದೆನು. ಮೂರನೆಯ ಪುಟದ ಮೊದಲ ಸಾಲು ‘ಅನ್‌ಲೆಸ್ ದಿ ಲಾಸ್ ಈಸ್ ರಿಪೋರ್ಟೆಡ್ ವಿಥಿನ್ ಸೆವೆಂಟಿ-ಟೂ ಅವರ್ಸ್’ ಎಂದಿದ್ದಿತು. ನಷ್ಟವಾದ ೭೨ ಗಂಟೆಗಳೊಳಗೆ ತಿಳಿಸದ ಹೊರತು ಕೊಡಲಾಗದು. ಅರ್ಥಾತ್, ತಿಳಿಸಿದರೆ ಬೇಡಿಕೆಯನ್ನು ವಿಚಾರಣೆಗೆ ತೆಗೆದುಕೊಳ್ಳುವರು. ಅವರು ನನ್ನ ಜಗಲಿಗೆ ಬಂದಿದ್ದಾಗ ಇನ್ನೂ ಎರಡು ದಿನದ ಅವಕಾಶವಿದ್ದಿತು. ಹುಡುಗಿ ಬಂದಾಗ ಅದು ಕಳೆದುಹೋಗಿದ್ದಿತು.

ಆ ವಾಕ್ಯದಲ್ಲಿ ನನಗೆ ಅರ್ಥವಾಗದ ಪದ ಒಂದೂ ಇರಲಿಲ್ಲ. ತಪ್ಪಿದುದು ವಾಕ್ಯದ ಅನ್ವಯ. ಈ ಬಗೆಯ ಕಾಗದಗಳು ಇಂದು ಮನೆಮನೆಗೂ ಬರುತ್ತವೆ. ಸಾಲದ ಪತ್ರ, ಬಾಡಿಗೆಯ ಕರಾರು, ಆಸ್ಪತ್ರೆಯ ಒಪ್ಪಿಗೆಯ ಚೀಟಿ, ಮಕ್ಕಳ ಕಾಲೇಜಿನ ನಿಯಮಾವಳಿ, ಇವುಗಳಲ್ಲಿ ಇಂಗ್ಲಿಷಿನಲ್ಲಿರುವುವೇ ಬಹಳ. ೨೦೦೭–೦೮ನೆಯ ಸಾಲಿನಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಹೇಳಿಕೊಡುತ್ತಿದ್ದಾರೆ. ಆದರೂ ‘ಕಾಂಪೌಂಡ್ ಸೆಂಟೆನ್ಸ್’, ‘ಕಾಂಪ್ಲೆಕ್ಸ್ ಸೆಂಟೆನ್ಸ್’ ಎಂಬ ಪಾಠ ಬಂದಿತೆಂದರೆ ಮಕ್ಕಳು ಕಂಗೆಡುತ್ತಾರೆ. ಕಾಂಪೌಂಡ್ ಎಂದರೇನೆಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ, “ಮನೆ ಸುತ್ತ ಕಟ್ಟುವ ಗೋಡೆ ಸಾರ್” ಎಂದು ಒಬ್ಬ ಬಾಲಕನು ನಿರ್ವಂಚನೆಯಿಂದ ಹೇಳಿದನು. ಆ ಪಾಠವನ್ನು ಮನೆಯ ಹಿರಿಯರು ತಾವೂ ತಿಳಿದು ಮಕ್ಕಳಿಗೂ ತಿಳಿಸುವಂತೆ, ನಮ್ಮ ಶಾಸ್ತ್ರಗಳ ಪರಿಭಾಷೆಯ ನೆರವಿನಿಂದ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ವಾಕ್ಯವೆಂದರೇನು?

ಕೇಶಿರಾಜನು ೧೩ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಮೊದಲಾದ ಪ್ರಕರಣಗಳುಂಟು. ವಾಕ್ಯಕ್ಕೆಂದು ಬೇರೊಂದು ಪ್ರಕರಣವಿಲ್ಲ. ಇಂದಿನ ಶಾಲಾ ವ್ಯಾಕರಣಗಳು ಹೇಳುವ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯವೆಂಬ ತ್ರಿವಿಧ ವಿಭಾಗವು ಇಂಗ್ಲಿಷು ಶಾಲಾ ವ್ಯಾಕರಣಗಳ ಮಾದರಿಯಿಂದ ನಮ್ಮಲ್ಲಿಗೆ ಬಂದದ್ದು. ಹಾಗೆಂದು ವಾಕ್ಯವಿಚಾರವು ನಮಗೆ ಹೊಸದೆಂದು ತಿಳಿಯತಕ್ಕದ್ದಲ್ಲ. ಪಾಣಿನಿಯ ಸೂತ್ರಗಳಿಗೆ ವಾರ್ತಿಕಗಳನ್ನು ಬರೆದ ಕಾತ್ಯಾಯನನು, ಒಂದು ತಿಙಂತ ಅಂದರೆ ಒಂದು ಪೂರ್ಣ ಕ್ರಿಯಾಪದವುಳ್ಳದ್ದು ಒಂದು ವಾಕ್ಯವೆಂದು ಹೇಳಿದ್ದಾನೆ. ಜೈಮಿನಿಯ ಮೀಮಾಂಸಾಸೂತ್ರವು ಇನ್ನೂ ಮುಂದಕ್ಕೆ ಹೋಗಿ, ಒಂದೇ ಪ್ರಯೋಜನವುಳ್ಳ ಪದಸಮೂಹವನ್ನು ಬೇರ್ಪಡಿಸಿದಾಗ ಅದರ ಭಾಗಗಳಲ್ಲಿ ಆಕಾಂಕ್ಷೆ ಉಳಿಯುವುದಾದರೆ ಅದು ಒಂದೇ ವಾಕ್ಯವೆಂದು ನಿರ್ಣಯಿಸುತ್ತದೆ. ಆಕಾಂಕ್ಷೆಯೆಂದರೆ ‘ಮುಂದೇನು?’ ಎಂದು ಕಿವಿಯು ಕಾಯುವುದು. ತಾರ್ಕಿಕರು ಇದರೊಡನೆ ಯೋಗ್ಯತೆ, ಸನ್ನಿಧಿ ಎಂಬ ಇನ್ನೆರಡನ್ನು ಸೇರಿಸುತ್ತಾರೆ. ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ. ಪದಗಳು ವಿಳಂಬವಿಲ್ಲದೆ ಒತ್ತೊತ್ತಾಗಿ ಬರುವುದು ಸನ್ನಿಧಿ. ನನ್ನ ವಿಮೆಯ ಕಾಗದದಲ್ಲಿ ಪುಟವು ತಿರುಗಿದೆಡೆಯಲ್ಲಿ ಭಂಗವಾದುದು ಈ ಸನ್ನಿಧಿಯೇ.

ಈಗ ಕನ್ನಡ ವಾಕ್ಯದ ಪ್ರಕೃತಿಯನ್ನು ನೋಡೋಣ. ‘ತೆರಕಣಾಂಬಿಯ ಸಂತೆಗೆ ಹೋಗಿ, ಅರಿಸಿನ ಮಾರಿ, ಮಕ್ಕಳಿಗೆ ಬಟ್ಟೆ ಕೊಂಡು, ಕೊನೆಯ ಬಸ್ಸಿಗೆ ಮನೆಗೆ ಬಂದ ರೈತನು ಉಂಡು ಮಲಗಿದನು.’ ಇಲ್ಲಿ ಕೆಲಸಗಳು ಆರು. ಪೂರ್ಣಕ್ರಿಯಾಪದವು ‘ಮಲಗಿದನು’ ಎಂಬುದೊಂದೇ. ಹೋಗಿ, ಮಾರಿ, ಕೊಂಡು, ಉಂಡು ಎಂಬುವು ಸಂಸ್ಕೃತದ ಕ್ತ್ವಾಂತಗಳಿಗೆ ಸಮಾನ. ಇಬ್ಬಗೆಯ ಕ್ರಿಯೆಗಳಿಗೆ ಕರ್ತೃವು ಒಬ್ಬನೇ ಆಗಿದ್ದಾಗ ಮೊದಲಿನದಕ್ಕೆ ಕ್ತ್ವಾ ಬರುವುದೆಂದು ಪಾಣಿನಿಯು ವಿಧಿಸಿದ್ದಾನಷ್ಟೆ. ‘ಬಂದ’ ಎಂಬುದು ರೈತನಿಗೆ ವಿಶೇಷಣವಾಗಿರುವ ಕೃದಂತ. ಹೀಗೆ ಕನ್ನಡವು ಎಷ್ಟೇ ಕೆಲಸಗಳಿದ್ದರೂ ಅವನ್ನು ಮಡಿಸಿ ಮಡಿಸಿ ಇಟ್ಟುಕೊಂಡು, ಕೊನೆಗೆ ಒಂದು ಪೂರ್ಣಕ್ರಿಯೆಯಿಂದ ಗಂಟು ಹಾಕುತ್ತದೆ.

ಇಂಗ್ಲಿಷಿಗೆ ಈ ಮಡಿಕೆ ಅಷ್ಟಾಗಿ ಒಗ್ಗದು. ಅದು ಮಡಿಕೆಯನ್ನು ಬಿಚ್ಚಿ, ಪ್ರತಿಯೊಂದು ಕೆಲಸಕ್ಕೂ ಪ್ರಾಯಶಃ ಒಂದು ಕರ್ತೃಪದವನ್ನೂ ಒಂದು ಪೂರ್ಣಕ್ರಿಯೆಯನ್ನೂ ಕೊಟ್ಟು, ‘ಹೂ’, ‘ವೆನ್’, ‘ಅಂಡ್’ ಮುಂತಾದ ಕೊಂಡಿಗಳಿಂದ ಜೋಡಿಸುತ್ತದೆ. ನಮ್ಮ ‘ಬಂದ ರೈತನು’ ಅಲ್ಲಿ ‘ದಿ ಫಾರ್ಮರ್ ಹೂ ಕೇಮ್’ ಆಗುತ್ತಾನೆ. ನಮ್ಮ ನಾಡಿಗೆ ಬಂದು ಕನ್ನಡವನ್ನು ಕಲಿತ ಪಾಶ್ಚಾತ್ಯ ವಿದ್ವಾಂಸರಿಗೆ ಇದೇ ವಿಷಯವು ವಿಪರೀತ ಕ್ರಮದಲ್ಲಿ ಎದುರಾಯಿತು. ೧೯೦೩ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚುಹಾಕಿದ ಕಿಟ್ಟೆಲರ ಕನ್ನಡ ವ್ಯಾಕರಣದಲ್ಲಿಯೂ, ೧೯೧೪ರಲ್ಲಿ ಮೈಸೂರಿನಿಂದ ಹೊರಟ ಸ್ಪೆನ್ಸರರ ವ್ಯಾಕರಣದಲ್ಲಿಯೂ, ‘ಬಂದ’, ‘ಮಾಡುವ’ ಮುಂತಾದ ರೂಪಗಳು ಇಂಗ್ಲಿಷಿನ ‘ಹೂ’, ‘ವಿಚ್’ ಎಂಬುವುಗಳ ಕೆಲಸವನ್ನು ಮಾಡುವ ಬಗೆಯನ್ನು ವಿವರಿಸಿದ್ದಾರೆ. ಅವರಿಗೆ ನಮ್ಮ ಮಡಿಕೆ ಕಷ್ಟ. ನಮಗೆ ಅವರ ಬಿಚ್ಚಿಕೆ ಕಷ್ಟ.

ದ್ವಂದ್ವವೂ ತತ್ಪುರುಷವೂ

ಇನ್ನು ವಾಕ್ಯಭೇದಗಳನ್ನು ನೋಡೋಣ. ಒಂದೇ ಪೂರ್ಣಕ್ರಿಯೆಯುಳ್ಳದ್ದು ಸಾಮಾನ್ಯ ವಾಕ್ಯ: ‘ದಿ ಬಸ್ ಕೇಮ್ ಲೇಟ್.’ ಬಸ್ಸು ತಡವಾಗಿ ಬಂದಿತು. ಎರಡು ಸ್ವತಂತ್ರ ವಾಕ್ಯಗಳು ಸಮಾನಸ್ಕಂಧರಾಗಿ ಸೇರಿದರೆ ಅದು ಸಂಯೋಜಿತ ವಾಕ್ಯ: ‘ದಿ ಬಸ್ ಕೇಮ್ ಲೇಟ್, ಅಂಡ್ ವಿ ವಾಕ್ಡ್ ಹೋಮ್.’ ಬಸ್ಸು ತಡವಾಗಿ ಬಂದಿತು, ನಾವು ನಡೆದು ಮನೆಗೆ ಹೋದೆವು. ನಡುವಿನ ‘ಅಂಡ್’ ಎಂಬುದನ್ನು ತೆಗೆದುಹಾಕಿದರೂ ಎರಡು ಭಾಗಗಳೂ ತಮ್ಮ ಕಾಲಿನ ಮೇಲೆ ತಾವು ನಿಲ್ಲುತ್ತವೆ. ‘ಬಟ್’, ‘ಆರ್’, ‘ಸೋ’, ‘ಯೆಟ್’ ಎಂಬುವೂ ಹೀಗೆಯೇ ಸಮಾನರನ್ನು ಸೇರಿಸತಕ್ಕ ಅವ್ಯಯಗಳು.

ಒಂದು ಪ್ರಧಾನ ವಾಕ್ಯವೂ, ಅದನ್ನು ಆಶ್ರಯಿಸಿಕೊಂಡ ಒಂದು ಅಥವಾ ಹಲವು ಅಧೀನ ವಾಕ್ಯಗಳೂ ಸೇರಿದ್ದು ಮಿಶ್ರ ವಾಕ್ಯ: ‘ವಿ ವಾಕ್ಡ್ ಹೋಮ್ ಬಿಕಾಸ್ ದಿ ಬಸ್ ಕೇಮ್ ಲೇಟ್.’ ‘ವಿ ವಾಕ್ಡ್ ಹೋಮ್’ ಎಂದರೆ ಅರ್ಥವು ಪೂರ್ಣ. ‘ಬಿಕಾಸ್ ದಿ ಬಸ್ ಕೇಮ್ ಲೇಟ್’ ಎಂದಿಷ್ಟೇ ಹೇಳಿ ಸುಮ್ಮನಾದರೆ, ‘ಬಸ್ಸು ತಡವಾಗಿ ಬಂದದ್ದರಿಂದ… ಏನಾಯಿತು?’ ಎಂದು ಕೇಳುವವನು ಕಾಯುತ್ತಾನೆ. ಆಕಾಂಕ್ಷೆ ಉಳಿಯಿತು, ಆದುದರಿಂದ ಅದು ಅಧೀನ.

ಸಂಸ್ಕೃತವನ್ನು ಬಲ್ಲ ಗೃಹಸ್ಥರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಸಂಯೋಜಿತ ವಾಕ್ಯವು ದ್ವಂದ್ವ ಸಮಾಸದಂತೆ. ರಾಮಲಕ್ಷ್ಮಣರೆಂದಾಗ ಇಬ್ಬರೂ ಪ್ರಧಾನರೇ. ಮಿಶ್ರ ವಾಕ್ಯವು ತತ್ಪುರುಷದಂತೆ. ರಾಜಪುತ್ರನೆಂದಾಗ ಬಂದವನು ಪುತ್ರನು, ರಾಜನು ಅವನ ಗುರುತಿಗೆ ಮಾತ್ರ. ಹಳೆಯ ಅವಿಭಕ್ತ ಕುಟುಂಬವನ್ನು ಕಂಡವರಿಗೆ ಇನ್ನೊಂದು ದೃಷ್ಟಾಂತ: ಒಂದೇ ಜಗಲಿಗೆ ಎರಡು ಬಾಗಿಲುಗಳನ್ನಿಟ್ಟುಕೊಂಡು ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತಿರುವುದು ಸಂಯೋಜಿತ ವಾಕ್ಯ, ಯಜಮಾನನೊಬ್ಬನ ಒಲೆಯಲ್ಲಿ ಎಲ್ಲರೂ ಉಣ್ಣುವ ಮನೆಯಂತಿರುವುದು ಮಿಶ್ರ ವಾಕ್ಯ.

ಆದರೆ ‘ಅಂಡ್’ ಎಂಬುದನ್ನು ಕಂಡೊಡನೆ ಸಂಯೋಜಿತವೆಂದು ಬರೆಯತಕ್ಕದ್ದಲ್ಲ. ‘ರಾಮ ಅಂಡ್ ಕೃಷ್ಣ ವೆಂಟ್ ಹೋಮ್’ ಎಂಬಲ್ಲಿ ‘ಅಂಡ್’ ಜೋಡಿಸುವುದು ಎರಡು ಹೆಸರುಗಳನ್ನು, ಎರಡು ವಾಕ್ಯಗಳನ್ನಲ್ಲ. ಎಣಿಸಬೇಕಾದುದು ಕೊಂಡಿಗಳನ್ನಲ್ಲ, ಪೂರ್ಣಕ್ರಿಯೆಗಳನ್ನು. ಕನ್ನಡದ ಮಕ್ಕಳಿಗೆ ಇನ್ನೊಂದು ಎಡರುಂಟು. ನಮ್ಮ ‘ಆದರೆ’ ಎಂಬ ಒಂದೇ ಮಾತು ‘ಬಟ್’ ಎಂಬುದಕ್ಕೂ ಸಲ್ಲುತ್ತದೆ, ‘ಮಳೆಯಾದರೆ ಬಿತ್ತುತ್ತೇನೆ’ ಎಂಬಲ್ಲಿ ‘ಇಫ್’ ಎಂಬುದಕ್ಕೂ ಸಲ್ಲುತ್ತದೆ. ಮೊದಲನೆಯದು ಸಮಾನರನ್ನು ಸೇರಿಸುವ ಕೊಂಡಿ. ಎರಡನೆಯದು ಅಧೀನತೆಯ ಗುರುತು. ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಯಾವ ‘ಆದರೆ’ ಎಂದು ಮೊದಲು ಕೇಳಿಕೊಳ್ಳಬೇಕು.

ಖಂಡಾನ್ವಯದ ಪ್ರಯೋಗ

ಶ್ಲೋಕಗಳಿಗೆ ಅರ್ಥ ಹೇಳುವಾಗ ನಮ್ಮ ಗುರುಗಳು ಎರಡು ಮಾರ್ಗಗಳನ್ನು ಅನುಸರಿಸುತ್ತಿದ್ದರು. ಕರ್ತೃವಿನಿಂದ ಕ್ರಿಯೆಯವರೆಗೆ ಪದಗಳನ್ನು ಸಾಲಾಗಿ ಜೋಡಿಸಿ ಹೇಳುವುದು ದಂಡಾನ್ವಯ. ಮೊದಲು ಪ್ರಧಾನ ಕ್ರಿಯೆಯನ್ನು ಹಿಡಿದು, ಯಾರು, ಯಾರನ್ನು, ಎಂಥವನು, ಯಾವಾಗ, ಏಕೆ ಎಂದು ಪ್ರಶ್ನೆ ಕೇಳುತ್ತ ಒಂದೊಂದು ಪದವನ್ನೂ ಅದರ ಸ್ಥಾನಕ್ಕೆ ಸೇರಿಸುವುದು ಖಂಡಾನ್ವಯ. ಈ ಖಂಡಾನ್ವಯವು ಇಂಗ್ಲಿಷಿನ ಮಿಶ್ರ ವಾಕ್ಯಗಳಿಗೆ ಹೇಳಿಮಾಡಿಸಿದಂತಿದೆ.

ನಮ್ಮ ಊರಿನ ಮಾತನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಅರಿಕುಠಾರ, ವಿಚ್ ಈಸ್ ನೌ ಕಾಲ್ಡ್ ಚಾಮರಾಜನಗರ, ಗಾಟ್ ಇಟ್ಸ್ ನ್ಯೂ ನೇಮ್ ಫ್ರಮ್ ಎ ಕಿಂಗ್ ಹೂ ವಿಶ್ಡ್ ಟು ಆನರ್ ಹಿಸ್ ಫಾದರ್.’ ಇದರಲ್ಲಿ ಪೂರ್ಣಕ್ರಿಯೆಗಳೆಷ್ಟು? ‘ಈಸ್ ಕಾಲ್ಡ್’, ‘ಗಾಟ್’, ‘ವಿಶ್ಡ್’ ಹೀಗೆ ಮೂರು. ‘ಟು ಆನರ್’ ಎಂಬುದು ‘ಗೌರವಿಸಲು’ ಎಂಬಂತೆ ಅಪೂರ್ಣವಾದುದರಿಂದ ಲೆಕ್ಕಕ್ಕೆ ಸೇರದು. ಕ್ರಿಯೆಗಳು ಮೂರಾದುದರಿಂದ ಉಪವಾಕ್ಯಗಳೂ ಮೂರು. ‘ವಿಚ್’ ಎಂಬುದನ್ನೂ ‘ಹೂ’ ಎಂಬುದನ್ನೂ ಹಿಡಿದುಕೊಂಡಿರುವುವು ತಾವಾಗಿ ನಿಲ್ಲಲಾರವು. ಉಳಿದದ್ದು ‘ಅರಿಕುಠಾರ ಗಾಟ್ ಇಟ್ಸ್ ನ್ಯೂ ನೇಮ್ ಫ್ರಮ್ ಎ ಕಿಂಗ್’, ಇದೇ ಪ್ರಧಾನ. ಇನ್ನು ಪ್ರಶ್ನೆಗಳು. ಯಾವ ಅರಿಕುಠಾರ? ಈಗ ಚಾಮರಾಜನಗರವೆನಿಸಿಕೊಳ್ಳುವುದು. ಎಂಥ ಅರಸು? ತನ್ನ ತಂದೆಯನ್ನು ಗೌರವಿಸಲು ಬಯಸಿದವನು. ಆ ಅರಸರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರಿದು. ೧೮೨೬ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯೂ ಆ ಪಿತೃಭಕ್ತಿಯ ಫಲವೇ ಆಗಿದೆ.

ಹೀಗೆ ಪ್ರಶ್ನೆ ಕೇಳಿದಾಗ ಅಧೀನ ವಾಕ್ಯಗಳು ಮೂರು ಬಗೆಯ ಉತ್ತರಗಳಾಗಿ ಒದಗುತ್ತವೆ. ‘ಏನನ್ನು?’ ಎಂಬುದಕ್ಕೆ ಉತ್ತರವಾಗಿ ಬಂದರೆ ಅದು ನಾಮದ ಸ್ಥಾನದಲ್ಲಿರುವ ವಾಕ್ಯ: ‘ಮದರ್ ಸೆಡ್ ದಟ್ ದಿ ಮಿಲ್ಕ್ ಹ್ಯಾಡ್ ಟರ್ನ್ಡ್.’ ಹಾಲು ಒಡೆದಿದೆಯೆಂದು ತಾಯಿ ಹೇಳಿದಳು. ಇಲ್ಲಿ ‘ದಟ್’ ಎಂಬುದು ನಮ್ಮ ‘ಎಂದು’, ಸಂಸ್ಕೃತದ ‘ಇತಿ’. ನಮ್ಮಲ್ಲಿ ಅದು ಹೇಳಿಕೆಯ ಹಿಂದೆ ಬರುತ್ತದೆ, ಅವರಲ್ಲಿ ಮುಂದೆ ಬರುತ್ತದೆ. ಎಷ್ಟೋ ವೇಳೆ ಬಾರದೆಯೂ ಇರುತ್ತದೆ. ‘ಯಾವ? ಎಂಥ?’ ಎಂಬುದಕ್ಕೆ ಉತ್ತರವಾದರೆ ವಿಶೇಷಣವಾಕ್ಯ. ‘ಹೂ’, ‘ವಿಚ್’ ಎಂಬುವು ಅದರ ಗುರುತು. ಸಂಸ್ಕೃತದ ಯಃ–ಸಃ ಎಂಬ ಜೋಡಿಯನ್ನು ನೆನೆದರೆ ಸಾಕು. ‘ಯಾವಾಗ? ಏಕೆ? ಯಾವ ನಿಬಂಧನೆಯ ಮೇಲೆ?’ ಎಂಬುದಕ್ಕೆ ಉತ್ತರವಾದರೆ ಕ್ರಿಯಾವಿಶೇಷಣವಾಕ್ಯ. ‘ವೆನ್’ ಎಂದರೆ ಯದಾ, ‘ಇಫ್’ ಎಂದರೆ ಯದಿ, ‘ದೋ’ ಎಂದರೆ ಯದ್ಯಪಿ, ‘ಬಿಕಾಸ್’ ಎಂದರೆ ಯತಃ.

ವಿಶೇಷಣವಾಕ್ಯದ ವಿಷಯದಲ್ಲಿ ಅಲ್ಪವಿರಾಮದ ಒಂದು ಚಿಹ್ನೆ ಎಷ್ಟು ಕೆಲಸ ಮಾಡುತ್ತದೆಂಬುದನ್ನು ಗೃಹಸ್ಥರು ಅಗತ್ಯವಾಗಿ ತಿಳಿದಿರಬೇಕು. ಉಯಿಲಿನಲ್ಲಿ ‘ಮೈ ಸನ್ ಹೂ ಲಿವ್ಸ್ ಇನ್ ಮೈಸೂರ್ ಶಲ್ ಟೇಕ್ ದಿ ಹೌಸ್’ ಎಂದು ಚಿಹ್ನೆಯಿಲ್ಲದೆ ಬರೆದರೆ, ಹಲವು ಗಂಡುಮಕ್ಕಳಲ್ಲಿ ಮೈಸೂರಿನಲ್ಲಿರುವವನು ಎಂದು ಅರ್ಥ. ‘ಹೂ’ ಎಂಬುದು ಇಲ್ಲಿ ಆರಿಸಿ ತೆಗೆಯುತ್ತದೆ. ‘ಮೈ ಸನ್, ಹೂ ಲಿವ್ಸ್ ಇನ್ ಮೈಸೂರ್, ಶಲ್ ಟೇಕ್ ದಿ ಹೌಸ್’ ಎಂದು ಎರಡು ಕಡೆಯೂ ಚಿಹ್ನೆಯಿಟ್ಟರೆ, ಮಗನೊಬ್ಬನೇ, ಅವನು ಮೈಸೂರಿನಲ್ಲಿರುವುದು ಪ್ರಾಸಂಗಿಕವಾಗಿ ಹೇಳಿದ ಮಾತು ಎಂದಾಗುತ್ತದೆ. ಕನ್ನಡದಲ್ಲಿ ‘ಮೈಸೂರಿನಲ್ಲಿರುವ ನನ್ನ ಮಗ’ ಎಂದರೆ ಎರಡಕ್ಕೂ ಒಂದೇ ರೂಪ. ಆದುದರಿಂದ ನಮ್ಮ ಕಣ್ಣಿಗೆ ಆ ಚಿಹ್ನೆಗಳು ಅಲಂಕಾರದಂತೆ ತೋರಿ ತಪ್ಪಿಹೋಗುತ್ತವೆ.

ಅಧೀನವಾದುದೇ ಒಡೆಯನಾಗುವ ಬಗೆ

ಈಗ ನನ್ನ ತಪ್ಪಿನ ಮೂಲಕ್ಕೆ ಬರುತ್ತೇನೆ. ಬರವಣಿಗೆಯ ಕನ್ನಡದಲ್ಲಿ ನಿಬಂಧನೆಯು ಮೊದಲು ಬರುತ್ತದೆ, ನಿರ್ಣಯವು ಕೊನೆಗೆ ಬರುತ್ತದೆ. ‘೭೨ ಗಂಟೆಗಳೊಳಗೆ ತಿಳಿಸದ ಹೊರತು’ ಎಂಬ ಮಾತನ್ನು ದಾಟದೆ ‘ಮನ್ನಿಸಲಾಗದು’ ಎಂಬುದನ್ನು ಮುಟ್ಟುವಂತಿಲ್ಲ. ‘ಉಳ್ತೀನಿ, ಮಳೆ ಬಂದ್ರೆ’ ಎಂದು ಬಾಯಿಮಾತಿನಲ್ಲಿ ಹೇಳುವುದುಂಟು; ಕಾಗದದ ಮೇಲೆ ಹಾಗೆ ಬರೆಯುವವರು ವಿರಳ. ಹೀಗಾಗಿ ಕನ್ನಡಿಗನ ಮನಸ್ಸು ಪೂರ್ಣಕ್ರಿಯೆಯನ್ನು ಕಂಡೊಡನೆ ‘ವಾಕ್ಯ ಮುಗಿಯಿತು’ ಎಂದು ವಿಶ್ರಮಿಸುತ್ತದೆ. ಇಂಗ್ಲಿಷಾದರೋ ಪ್ರಧಾನ ವಾಕ್ಯವನ್ನು ಪೂರ್ಣಕ್ರಿಯೆಯೊಡನೆ ಮೊದಲೇ ಹೇಳಿ ಮುಗಿಸಿ, ನಿಬಂಧನೆಯನ್ನು ಅದರ ಬೆನ್ನಿಗೆ ತೂಗಹಾಕಬಲ್ಲುದು. ಪ್ರಧಾನ ವಾಕ್ಯದಲ್ಲಿ ಆಕಾಂಕ್ಷೆಯಿಲ್ಲ. ಅದು ತಾನೇ ಪೂರ್ಣವೆಂಬಂತೆ ತೋರುತ್ತದೆ. ಅಪಾಯವಿರುವುದು ಅಲ್ಲಿಯೇ. ಅರ್ಧ ಓದಿದವನಿಗೆ ತಾನು ಅರ್ಧ ಓದಿದೆನೆಂಬ ಸುಳಿವೇ ಸಿಕ್ಕುವುದಿಲ್ಲ.

ವ್ಯಾಕರಣದಲ್ಲಿ ಅಧೀನವೆಂದು ಹೆಸರಿಟ್ಟ ಮಾತ್ರಕ್ಕೆ ವ್ಯವಹಾರದಲ್ಲಿಯೂ ಅದು ಅಧೀನವೆಂದು ತಿಳಿಯತಕ್ಕದ್ದಲ್ಲ. ‘ಇಫ್’, ‘ಅನ್‌ಲೆಸ್’, ‘ಅಂಟಿಲ್’, ‘ಪ್ರೊವೈಡೆಡ್ ದಟ್’ ಎಂಬುವುಗಳಿಂದ ಆರಂಭವಾಗುವ ಅಧೀನ ವಾಕ್ಯವು ಪ್ರಧಾನ ವಾಕ್ಯದ ತಲೆಯನ್ನೇ ತಿರುಗಿಸಬಲ್ಲುದು. ಗುಂಡ್ಲುಪೇಟೆಯಿಂದ ಬಂಡೀಪುರದ ಅಡವಿಯ ಮೂಲಕ ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳಲ್ಲಿ, ಕಾಡುಪ್ರಾಣಿಗಳ ರಕ್ಷಣೆಗಾಗಿ, ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನಸಂಚಾರವನ್ನು ನಿಲ್ಲಿಸುವ ಕ್ರಮವು ೨೦೦೯ರಲ್ಲಿ ಬಂದಿತು; ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಅದರಿಂದ ವಿನಾಯಿತಿಯುಂಟು. ಈ ಆಶಯವನ್ನು ‘ನೋ ವೆಹಿಕಲ್ ಶಲ್ ಪಾಸ್ ಅಟ್ ನೈಟ್ ಅನ್‌ಲೆಸ್ ಇಟ್ ಕ್ಯಾರೀಸ್ ಎ ಪೇಷಂಟ್’ ಎಂದು ನಾವು ಬರೆದೆವೆನ್ನೋಣ. ‘ನೈಟ್’ ಎಂಬಲ್ಲಿಗೆ ಓದಿ ನಿಲ್ಲಿಸಿದ ಕಾವಲುಗಾರನು ರೋಗಿಯಿರುವ ಗಾಡಿಯನ್ನೂ ಹಿಂದಿರುಗಿಸಿಯಾನು. ಪೂರ್ತಿ ಓದಿದವನು ಗೇಟನ್ನು ತೆಗೆಯುತ್ತಾನೆ.

ಮಕ್ಕಳು ಮಾಡುವ ಮೂರು ತಪ್ಪುಗಳು

ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ನನಗೆ ಕಂಠಪಾಠವಾಗಿರುವ ಮೂರು ತಪ್ಪುಗಳನ್ನು ಇಲ್ಲಿ ಹೇಳಿದರೆ ತಾಯಿತಂದೆಗಳಿಗೆ ಉಪಯೋಗವಾದೀತು.

ಮೊದಲನೆಯದು, ‘ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್’ ಎಂದು ಬರೆಯುವುದು. ಯದ್ಯಪಿ ಎಂದ ಮೇಲೆ ತಥಾಪಿ ಎನ್ನುವುದು ಸಂಸ್ಕೃತದ ಕ್ರಮ. ‘ಬಡವನಾಗಿದ್ದರೂ’ ಎಂದ ಮೇಲೆ ‘ಆದರೂ’ ಎಂಬ ಭಾವ ನಮ್ಮಲ್ಲಿ ಉಳಿದಿರುತ್ತದೆ. ಇಂಗ್ಲಿಷಿನಲ್ಲಿ ಎರಡು ವಾಕ್ಯಗಳಿಗೆ ಒಂದು ಕೊಂಡಿ ಸಾಕು. ‘ದೋ’ ಎಂದರೆ ಒಂದು ಭಾಗವು ಅಧೀನವಾಯಿತು. ‘ಬಟ್’ ಎಂದರೆ ಎರಡೂ ಸಮಾನವಾದವು. ಒಬ್ಬನೇ ಏಕಕಾಲದಲ್ಲಿ ಆಳೂ ಪಾಲುದಾರನೂ ಆಗಲಾರನು. ‘ದೋ’ ಎಂಬುದನ್ನು ಇಟ್ಟುಕೊಂಡರೆ ‘ಬಟ್’ ಎಂಬುದನ್ನು ಬಿಡಬೇಕು. ‘ಬಟ್’ ಬೇಕಾದರೆ ‘ದೋ’ ಬೇಡ. ಅವಧಾರಣೆಗೆ ಬೇಕಾದರೆ ‘ಯೆಟ್’ ಎಂಬುದನ್ನು ‘ದೋ’ ಎಂಬುದರ ಜೊತೆಗೆ ಸೇರಿಸುವುದುಂಟು.

ಎರಡನೆಯದು, ‘ಅನ್‌ಲೆಸ್ ಯು ಡೂ ನಾಟ್ ಸ್ಟಡಿ, ಯು ವಿಲ್ ಫೇಲ್’ ಎಂಬುದು. ‘ಅನ್‌ಲೆಸ್’ ಎಂಬ ಮಾತಿನ ಹೊಟ್ಟೆಯಲ್ಲಿಯೇ ‘ಇಲ್ಲ’ ಎಂಬುದು ಅಡಗಿದೆ. ಅದಕ್ಕೆ ಮತ್ತೆ ‘ನಾಟ್’ ಎಂಬುದನ್ನು ಸೇರಿಸಿದರೆ ‘ಓದಿದರೆ ನಪಾಸಾಗುತ್ತೀಯೆ’ ಎಂಬ ವಿಪರೀತಾರ್ಥ ಬರುತ್ತದೆ. ‘ಅನ್‌ಲೆಸ್ ಯು ಸ್ಟಡಿ’ ಎಂಬುದೇ ಸರಿ.

ಮೂರನೆಯದು, ರಜಾಚೀಟಿಗಳಲ್ಲಿ ಕಾಣತಕ್ಕದ್ದು: ‘ಐ ಡಿಡ್ ನಾಟ್ ಕಮ್ ಟು ಸ್ಕೂಲ್. ಬಿಕಾಸ್ ಐ ಹ್ಯಾಡ್ ಫೀವರ್.’ ಚುಕ್ಕೆಯಿಟ್ಟು ಅಧೀನ ವಾಕ್ಯವನ್ನು ಒಂಟಿಯಾಗಿ ಹೊರಗೆ ನಿಲ್ಲಿಸಿದ್ದಾಯಿತು. ಕನ್ನಡದಲ್ಲಿ ‘ನಾನು ಬರಲಿಲ್ಲ. ಏಕೆಂದರೆ ಜ್ವರವಿತ್ತು’ ಎಂದು ಬರೆಯುವ ರೂಢಿಯಿರುವುದರಿಂದ ಹೀಗಾಗುತ್ತದೆ. ಇಂಗ್ಲಿಷಿನಲ್ಲಿ ಆ ಚುಕ್ಕೆಯನ್ನು ಅಳಿಸಿ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸತಕ್ಕದ್ದು. ಅಧೀನ ವಾಕ್ಯವು ಮೊದಲು ಬಂದರೆ ಅದರ ತರುವಾಯ ಅಲ್ಪವಿರಾಮವನ್ನು ಹಾಕಬೇಕು. ಕೊನೆಗೆ ಬಂದರೆ ಸಾಧಾರಣವಾಗಿ ಬೇಕಿಲ್ಲ.

ಮನೆಯಲ್ಲಿ ಅನುಸರಿಸತಕ್ಕ ಕ್ರಮ

ಮನೆಗೆ ಇಂಗ್ಲಿಷು ಕಾಗದವೊಂದು ಬಂದಾಗ ಮಾಡಬೇಕಾದುದಿಷ್ಟು. ಪೆನ್ಸಿಲು ಹಿಡಿದು ವಾಕ್ಯದ ಪೂರ್ಣಕ್ರಿಯೆಗಳ ಕೆಳಗೆ ಗೆರೆ ಎಳೆಯಿರಿ. ಅವು ಎಷ್ಟಿವೆಯೋ ಅಷ್ಟು ಉಪವಾಕ್ಯಗಳಿವೆಯೆಂದು ತಿಳಿಯಿರಿ. ಕೊಂಡಿಪದಗಳಿಗೆ ಸುತ್ತು ಹಾಕಿರಿ. ಒಂದೊಂದು ಉಪವಾಕ್ಯವನ್ನೂ ಬಿಡಿಯಾಗಿ ಗಟ್ಟಿಯಾಗಿ ಓದಿ, ಕಿವಿಯು ‘ಮುಂದೇನು?’ ಎನ್ನುತ್ತದೆಯೇ ಎಂದು ಕೇಳಿಕೊಳ್ಳಿರಿ. ಎಂದರೆ ಅದು ಅಧೀನ, ಎನ್ನದಿದ್ದರೆ ಸ್ವತಂತ್ರ. ಬಳಿಕ ಖಂಡಾನ್ವಯದ ಪ್ರಶ್ನೆಗಳನ್ನು ಹಾಕಿರಿ. ಕಟ್ಟಕಡೆಗೆ, ಪೂರ್ಣವಿರಾಮದ ಚುಕ್ಕೆ ಎಲ್ಲಿದೆಯೆಂದು ನೋಡಿರಿ. ಅದು ಕಾಣುವವರೆಗೆ ವಾಕ್ಯ ಮುಗಿದಿಲ್ಲ. ನಾನು ಓದಿದ ಆ ಸಾಲಿನ ಕೊನೆಯಲ್ಲಿ ಚುಕ್ಕೆ ಇರಲಿಲ್ಲ. ಸಂಸ್ಕೃತದಲ್ಲಿ ವಿಸರ್ಗ ಬಿಟ್ಟ ಮಕ್ಕಳನ್ನು ಗದರಿಸಿದ ನಾನು ಆ ಚುಕ್ಕೆಯ ಅಭಾವವನ್ನು ಕಾಣಲಿಲ್ಲ.

ಆ ಹುಡುಗಿಯು ಅದನ್ನು ಹೇಗೆ ಕಂಡಳೆಂದು ನಾನು ಆಮೇಲೆ ಕೇಳಿದೆನು. ಶಾಲೆಯಲ್ಲಿ ಅವರಿಗೆ ವಾಕ್ಯಗಳನ್ನು ಬಿಡಿಸಿ ಬರೆಯುವ ಮನೆಗೆಲಸ ಕೊಟ್ಟಿದ್ದರಂತೆ. ಪುಸ್ತಕದ ವಾಕ್ಯಗಳು ಮುಗಿದುಹೋಗಲು, ಪೆಟ್ಟಿಗೆಯ ಮೇಲಿದ್ದ ವಿಮೆಯ ಕಾಗದವನ್ನು ತೆಗೆದುಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆಯುತ್ತ ಬಂದಳಂತೆ. “ಚುಕ್ಕೆ ಸಿಕ್ಕಲಿಲ್ಲ ಸಾರ್, ಅದಕ್ಕೆ ತಿರುಗಿಸಿದೆ” ಎಂದಳು. ಮರುದಿನವೇ ನಾನು ಅವಳ ತಂದೆಯ ಜೊತೆಯಲ್ಲಿ ಹೋಗಿ, ತಡವಾದುದಕ್ಕೆ ನಾನೇ ಕಾರಣನೆಂದು ಬರೆದು ಅರ್ಜಿ ಕೊಟ್ಟೆನು. ಅವಧಿ ಮೀರಿದೆಯೆಂದು ಅದು ಹಿಂದಕ್ಕೆ ಬಂದಿತು. ಕಾಗದದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದುದರಿಂದ ಅವರನ್ನು ದೂರುವಂತಿರಲಿಲ್ಲ.

ಅವಳ ತಂದೆ ಈ ವಿಷಯವಾಗಿ ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಮರುವರ್ಷ ತೋಟ ಮತ್ತೆ ಎದ್ದಿತು. ಹಬ್ಬಕ್ಕೆ ಎಂದಿನಂತೆ ಒಂದು ಚಿಪ್ಪು ಬಾಳೆಹಣ್ಣು ಅವರ ಮನೆಯಿಂದ ನಮ್ಮ ಮನೆಗೆ ಬರುತ್ತದೆ. ಕಾಗದಪತ್ರಗಳನ್ನು ಓದಿಸುವುದಕ್ಕೆ ಈಗಲೂ ನನ್ನ ಬಳಿಗೇ ಬರುತ್ತಾರೆ. ನಾನು ಓದಿ ಅರ್ಥ ಹೇಳಿ ಮುಗಿಸಿದ ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂದ್ಗಡೆ ಪುಟ ನೋಡುದ್ರಾ ಮೇಷ್ಟ್ರೇ?” ಎಂದು ಕೇಳುತ್ತಾರೆ. ನೋಡಿದ್ದರೂ ಇನ್ನೊಮ್ಮೆ ತಿರುವಿ ನೋಡುತ್ತೇನೆ.